ಒಟ್ಟಿಗೆ ಎಣಿಸಿದ ಎರಡು ಮತಗಟ್ಟೆಗಳು

ಮೆಲ್ಬರ್ನಿನಲ್ಲಿ ಓದು ಮುಗಿಸಿ ಪಿಆರ್, ಅಂದರೆ ಕಾಯಂ ವಾಸದ ಅನುಮತಿ, ಬರಲೆಂದು ಕಾಯುತ್ತಿದ್ದ ಕಾಲ. ಎರಡು ಸಾವಿರದ ಇಸವಿ ಕಳೆದ ಮೊದಲ ಕೆಲವು ವರ್ಷಗಳು. ಒಂದು ವಿಶ್ವವಿದ್ಯಾಲಯದ ಸಂಗ್ರಹಾಲಯದಲ್ಲಿ ನನಗೆ ಪಾರ್ಟ್ ಟೈಮ್ ಕೆಲಸ ಸಿಕ್ಕಿತು. ಹಳೆಯ ಚುನಾವಣೆಗಳಲ್ಲಿ ಯಾವ ಮತಗಟ್ಟೆಯಲ್ಲಿ ಯಾರಿಗೆ ಎಷ್ಟು ಮತ ಬಿತ್ತೆಂದು ಮಾಸಿದ ಹಾಳೆಗಳಿಂದ ನೋಡಿ ಕಂಪ್ಯೂಟರಿಗೆ ತುಂಬುವ ಕೆಲಸ. ದೊಡ್ಡ ಚುನಾವಣೆಗಳದ್ದು ಆಗಲೇ ಮುಗಿದಿತ್ತು. ನನ್ನ ಪಾಲಿಗೆ ಬಂದದ್ದು ಸಿಡ್ನಿಯ ಪಶ್ಚಿಮ ಭಾಗದ ಕೌನ್ಸಿಲ್ ಚುನಾವಣೆಗಳು. ರಸ್ತೆ, ಕಸ, ಪಾರ್ಕು ನೋಡಿಕೊಳ್ಳುವ ಈ ಸ್ಥಳೀಯ ಸಂಸ್ಥೆಗಳ ಹಳೆಯ ಫಲಿತಾಂಶವನ್ನು ಯಾರೂ ಅಷ್ಟಾಗಿ ಕೇಳುತ್ತಿರಲಿಲ್ಲ.

ಆ ಹಾಳೆಗಳನ್ನೆಲ್ಲ ಕೂಡಿಹಾಕಿ ಸಂಗ್ರಹಾಲಯಕ್ಕೆ ಕೊಟ್ಟವರು ಒಬ್ಬ ನಿವೃತ್ತ ಪ್ರೊಫೆಸರು. ಮೈಸೂರಿನವರು. ಸಿಡ್ನಿಯಲ್ಲಿ ಬಹಳ ವರ್ಷ ರಾಜ್ಯಶಾಸ್ತ್ರ ಕಲಿಸಿ, ಹೆಂಡತಿ ತೀರಿಕೊಂಡ ಮೇಲೆ ಮಗಳ ಹತ್ತಿರ ಇರಲೆಂದು ಮೆಲ್ಬರ್ನಿನ ಬಾಕ್ಸ್ ಹಿಲ್‌ಗೆ ಬಂದಿದ್ದರು. ವಾರಕ್ಕೆರಡು ಸಲ ಟ್ರೇನಿನಲ್ಲಿ ಬಂದು ನನ್ನ ಪಕ್ಕದ ಮೇಜಿನಲ್ಲಿ ಕೂತು ನಾನು ತುಂಬಿದ್ದನ್ನು ತಾಳೆ ನೋಡುತ್ತಿದ್ದರು. ಕನ್ನಡದವರೆಲ್ಲ ಅವರನ್ನು ಅಂಕಲ್ ಅನ್ನುತ್ತಿದ್ದರು. ನನಗೆ ಮಾತ್ರ ಸರ್ ಅಂತಲೇ ಬಾಯಿಗೆ ಬರುತ್ತಿತ್ತು. ನಾನು ಗದಗಿನ ಕಡೆಯವಳು. ನನ್ನ ಮಾತು ಕೇಳಿದಾಗಲೆಲ್ಲ ಅವರ ಮುಖ ಸ್ವಲ್ಪ ಅರಳುತ್ತಿತ್ತು.

ಒಂದು ಮಧ್ಯಾಹ್ನ ಪಶ್ಚಿಮ ಸಿಡ್ನಿಯ ಬ್ಲ್ಯಾಕ್‌ಟೌನ್ ಹತ್ತಿರದ ಒಂದು ವಾರ್ಡಿನ ಹಾಳೆಗಳನ್ನು ಜೋಡಿಸುವಾಗ ನಡುವಿನ ಒಂದು ಚುನಾವಣೆ ಕಾಣಲಿಲ್ಲ.

“ಸರ್, ಈ ವಾರ್ಡಿಂದು ಒಂದ್ ಎಲೆಕ್ಷನ್ ಇಲ್ಲಲ್ರಿ. ಹಿಂದಿಂದೂ ಅದ, ಮುಂದಿಂದೂ ಅದ.”

“ಅದು ಕಳೆದಿಲ್ಲಮ್ಮ. ನಾನೇ ತರಿಸ್ಲಿಲ್ಲ,” ಅಂದರು. ಸ್ವಲ್ಪ ಹೊತ್ತು ಕನ್ನಡಕ ಒರೆಸುತ್ತ ಕೂತು, “ಆ ಸಲ ನನ್ನ ಹೆಂಡ್ತಿ ನಿಂತಿದ್ಲು,” ಅಂದರು.

ಕತೆಯನ್ನು ಅವರು ಆವತ್ತೇ ಹೇಳಿದರು. ಅವರ ಹೆಂಡತಿ ಮೈಸೂರಿನಲ್ಲಿ ಬಿಎಸ್ಸಿ ಮಾಡಿದವರು. ಸಿಡ್ನಿಗೆ ಬಂದ ಮೇಲೆ ವೃದ್ಧರ ನರ್ಸಿಂಗ್ ಹೋಮ್ ಒಂದರಲ್ಲಿ ಆರೈಕೆಯ ಕೆಲಸ ಮಾಡುತ್ತಿದ್ದರು. ಸಂಜೆ ಪಾಳಿ ಮುಗಿಸಿದ ಹೆಂಗಸರಿಗೆ ಸ್ಟೇಷನ್ನಿನವರೆಗೆ ಬಸ್ಸಿರಲಿಲ್ಲ. ಕೌನ್ಸಿಲ್‌ಗೆ ಅರ್ಜಿ ಬರೆದು ಬರೆದು ಸಾಕಾಗಿ, ಕೊನೆಗೆ ತಾನೇ ಪಕ್ಷೇತರಳಾಗಿ ನಿಲ್ಲುತ್ತೇನೆ ಅಂದರಂತೆ.

“ನಾನು ಊಟಕ್ಕೆ ಕೂತಿದ್ದೆ. ಆ ವಾರ್ಡಿನ ಹಿಂದಿನ ಲೆಕ್ಕ ಎಲ್ಲ ನನಗೆ ಬಾಯಿಪಾಠ. ನೀನು ಸೋಲ್ತೀಯ, ಇಷ್ಟೇ ಮತ ಬೀಳೋದು ಅಂತ ಹೇಳಿದೆ. ಅವಳು ಅನ್ನ ಬಡಿಸ್ತಾ, ಸರಿ, ಸೋಲ್ತೀನಿ, ಶನಿವಾರ ಒಂದಿನ ಬಂದು ನನ್ನ ಜೊತೆ ನಿಂತ್ಕೊಳ್ಳಿ ಅಂದ್ಲು.”

ಇಲ್ಲಿ ಮತದಾನದ ದಿನ ಶಾಲೆಯ ಗೇಟಿನಲ್ಲಿ ಅಭ್ಯರ್ಥಿಗಳೂ ಅವರ ಕಡೆಯವರೂ ನಿಂತು, ಬರುವವರ ಕೈಗೆ ತಮಗೆ ಮತ ಹಾಕುವುದು ಹೇಗೆಂದು ತಿಳಿಸುವ ಚೀಟಿ ಕೊಡುತ್ತಾರೆ. ಸರ್ ಹೋಗಲಿಲ್ಲ. ಚುನಾವಣೆಯನ್ನು ಅಧ್ಯಯನ ಮಾಡುವವನು ಒಬ್ಬ ಅಭ್ಯರ್ಥಿಯ ಚೀಟಿ ಹಿಡಿದು ನಿಂತರೆ ನಾಳೆ ಅವನ ಬರವಣಿಗೆಯನ್ನು ಯಾರು ನಂಬುತ್ತಾರೆ ಎಂಬುದು ಅವರ ವಾದ. ವಾರ್ಡಿನ ಯಾವ ಮತಗಟ್ಟೆಯಲ್ಲಾದರೂ ಮತ ಹಾಕಬಹುದಾದ್ದರಿಂದ, ಮತ ಹಾಕಲು ಕೂಡ ಬೆಳಿಗ್ಗೆಯೇ ಬೇರೆ ಮತಗಟ್ಟೆಗೆ ಹೋಗಿ ಬಂದರಂತೆ. ಆಕೆ ಸೋತರು. ಮನೆಯಲ್ಲಿ ಆ ವಿಷಯ ಮತ್ತೆ ಬರಲಿಲ್ಲ. ಕೆಲವು ವರ್ಷಗಳ ನಂತರ ಆಕೆಗೆ ಕ್ಯಾನ್ಸರ್ ಬಂತು.

“ಎಲ್ಲರ ಮತಗಟ್ಟೆ ನೋಡಿದೀನಿ. ಅವಳದ್ದು ಮಾತ್ರ ನೋಡಿಲ್ಲ. ಆ ಶಾಲೆ ಗೇಟಲ್ಲಿ ಇಡೀ ದಿನ ನಿಂತಿದ್ಲಲ್ಲ, ಅಲ್ಲಿ ಎಷ್ಟು ಜನ ಅವಳಿಗೆ ಹಾಕಿದ್ರು ಅನ್ನೋದು ಗೊತ್ತಿಲ್ಲ ನನಗೆ.”

“ಹೋಗಿ ನೋಡೋಣಲ್ರಿ ಸರ್,” ಅಂದೆ. ಅಷ್ಟು ಸಲೀಸಾಗಿ ಅದು ಹೇಗೆ ಬಾಯಿಂದ ಬಂತೋ ತಿಳಿಯದು. ಅವರು ಆ ವಾರವೇ ಇಬ್ಬರಿಗೂ ವಿಮಾನ ಬುಕ್ ಮಾಡಿದರು.

ಸಿಡ್ನಿಯಲ್ಲಿ ಚುನಾವಣೆಯ ಹಳೆಯ ದಾಖಲೆಗಳನ್ನಿಡುವ ಕಚೇರಿಯೊಂದರಲ್ಲಿ, ಕಿಟಕಿಯಿಲ್ಲದ ಒಂದು ಕೋಣೆಯಲ್ಲಿ, ಅಲ್ಲಿನ ಹೆಂಗಸು ನಮಗೆ ಒಂದು ರಟ್ಟಿನ ಪೆಟ್ಟಿಗೆ ತಂದಿಟ್ಟಳು. ಹಾಳೆ ಬೇಗ ಸಿಕ್ಕಿತು. ಸರ್ ಅದನ್ನು ತೆಗೆದು ನನ್ನ ಮುಂದೆ ಸರಿಸಿದರು.

“ನೀನೇ ಓದಮ್ಮ.”

ನಾನು ಮೇಲಿನಿಂದ ಓದುತ್ತ ಬಂದೆ. ಸಮುದಾಯ ಭವನ, ಚರ್ಚಿನ ಹಾಲ್, ಸ್ಟೇಷನ್ ಪಕ್ಕದ ಶಾಲೆ. ಅವರು ಕಣ್ಣು ಮುಚ್ಚಿ ಕೇಳುತ್ತಿದ್ದರು. ಅವರ ಹೆಂಡತಿ ಗೇಟಿನಲ್ಲಿ ನಿಂತಿದ್ದ ಶಾಲೆಯ ಸಾಲಿಗೆ ಬಂದಾಗ ಓದುವುದನ್ನು ನಿಲ್ಲಿಸಿದೆ. ಆ ಶಾಲೆಯ ಹೆಸರೂ ಕೆಳಗಿನ ಇನ್ನೊಂದು ಹಾಲ್‌ನ ಹೆಸರೂ ಸೇರಿ ಒಂದು ಆವರಣ ಚಿಹ್ನೆಯೊಳಗಿದ್ದವು. ಎರಡಕ್ಕೂ ಸೇರಿ ಒಂದೇ ಅಂಕಿ. ಮತ ಕಡಿಮೆ ಬಿದ್ದ ಮತಗಟ್ಟೆಯನ್ನು, ಯಾರು ಯಾರಿಗೆ ಹಾಕಿದರೆಂದು ಗೊತ್ತಾಗದಿರಲಿ ಎಂದು, ಪಕ್ಕದ್ದರ ಜೊತೆ ಕೂಡಿಸಿ ಎಣಿಸುವುದುಂಟು. ಅದನ್ನು ನನಗೆ ಕಲಿಸಿದವರೇ ಸರ್.

“ಕೂಡ್ಸ್ಯಾರ್ರಿ ಸರ್,” ಅಂದೆ.

ಅವರು ಹಾಳೆಯನ್ನು ತಮ್ಮ ಕಡೆಗೆ ಎಳೆದುಕೊಂಡು ಬಹಳ ಹೊತ್ತು ನೋಡಿದರು. ಹಿಂಭಾಗವನ್ನೂ ತಿರುಗಿಸಿ ನೋಡಿದರು. ಆ ಮತಗಟ್ಟೆಗಳ ಮತಪತ್ರಗಳೇನಾದರೂ ಉಳಿದಿವೆಯೇ ಎಂದು ಆ ಹೆಂಗಸನ್ನು ಕೇಳಿದರು. ಮತಪತ್ರಗಳನ್ನು ಅಷ್ಟು ಕಾಲ ಇಡುವುದಿಲ್ಲ ಎಂದು ಅವಳು ಮೆಲ್ಲಗೆ ಹೇಳಿದಳು. ಅದು ಅವರಿಗೆ ಗೊತ್ತಿಲ್ಲದ ಸಂಗತಿಯೇನಲ್ಲ.

ಹೊರಗೆ ಬಂದ ಮೇಲೆ, ಆ ಸಲ ಗೆದ್ದವನ ಮನೆಗೆ ಹೋಗೋಣ ಅಂದರು. ಅವನು ಅಲ್ಲೇ ಹತ್ತಿರದ ಸಬರ್ಬ್‌ನಲ್ಲಿದ್ದ, ವಯಸ್ಸಾಗಿತ್ತು, ಮಾಲ್ಟಾದಿಂದ ಚಿಕ್ಕಂದಿನಲ್ಲಿ ವಲಸೆ ಬಂದವನು. ಸರ್ ತಮ್ಮ ಹೆಂಡತಿಯ ಹೆಸರು ಹೇಳಿದೊಡನೆ ಬಾಗಿಲು ಪೂರ್ತಿ ತೆರೆದ. ಅಡುಗೆಮನೆಯ ಮೇಜಿನ ಮುಂದೆ ಕೂರಿಸಿ ಟೀ ಮಾಡಿಕೊಟ್ಟ. ಅವನ ಇಂಗ್ಲಿಷಿನ ಮಾತು ನನಗೆ ಈಗಲೂ ಹೆಚ್ಚುಕಡಿಮೆ ಹಾಗೇ ನೆನಪಿದೆ.

“ನಾನೂ ಅದೇ ಗೇಟಲ್ಲಿದ್ದೆ,” ಅಂದ. “ಆವತ್ತು ಗಾಳಿ ಜೋರಿತ್ತು. ಸೀರೆ ಮೇಲೆ ಸ್ವೆಟರ್ ಹಾಕಿದ್ದರು. ಅವರ ಚೀಟಿಗಳು ಹಾರಿಹೋದವು, ನನ್ನ ಹುಡುಗರು ಓಡಿ ಹೆಕ್ಕಿಕೊಟ್ಟರು. ಮಧ್ಯಾಹ್ನ ನಮಗೆಲ್ಲ ಹಳದಿ ಅನ್ನ ಕೊಟ್ಟರು. ನಿಂಬೆಹಣ್ಣಿನದು. ತುಂಬ ಮಾಡಿಕೊಂಡು ಬಂದಿದ್ದರು.”

ಸರ್ ತಲೆದೂಗಿದರು.

“ಇಷ್ಟೊಂದು ಯಾಕೆ ಅಂತ ಕೇಳಿದೆ. ನನ್ನ ಗಂಡ ಬರುತ್ತಾರೆ, ಅವರಿಗೂ ಸೇರಿಸಿ ಮಾಡಿದೆ ಅಂದರು.” ಅವನು ಟೀ ಲೋಟದ ಕಡೆ ನೋಡಿದ. “ಕಾರು ನಿಂತಾಗಲೆಲ್ಲ ತಿರುಗಿ ನೋಡುತ್ತಿದ್ದರು. ಆಮೇಲೆ ನಾನು ಕೇಳೋಕೆ ಹೋಗಲಿಲ್ಲ.”

ಸರ್ ತಮ್ಮ ಲೋಟವನ್ನು ಮೆಲ್ಲಗೆ ಕೆಳಗಿಟ್ಟರು. “ಬಸ್ಸು ಬಂತೇ?” ಎಂದು ಕೇಳಿದರು. ಬಂತು, ಎರಡು ವರ್ಷ ಹಿಡಿಯಿತು, ನಾನೇ ಕೌನ್ಸಿಲ್‌ನಲ್ಲಿ ಎತ್ತಿದೆ, ಯೋಚನೆ ಅವರದೇ ಅಂತ ಅಲ್ಲೂ ಹೇಳಿದ್ದೆ ಎಂದು ಅವನು ಹೇಳಿದ. ಬಾಗಿಲವರೆಗೆ ಬಂದು ಸರ್ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

ವಿಮಾನದಲ್ಲಿ ನಾನು ಏನಾದರೂ ಸಮಾಧಾನ ಹೇಳಬೇಕೆಂದುಕೊಂಡೆ. ಹೀಗೆ ಕೂಡಿಸಿದ ಮತಗಟ್ಟೆಗಳನ್ನು ಅಕ್ಕಪಕ್ಕದ ವರ್ಷಗಳ ಲೆಕ್ಕದಿಂದ ಬಿಡಿಸಿ ಅಂದಾಜು ಮಾಡುವ ವಿಧಾನವೊಂದನ್ನು ಅವರೇ ರೂಪಿಸಿದ್ದರು. “ನಿಮ್ಮ ವಿಧಾನ ಹಚ್ಚಿ ನೋಡೋಣೇನ್ರಿ ಸರ್?” ಅಂದೆ.

“ಬೇಡ ಕಣಮ್ಮ. ಅಂದಾಜು ಅವತ್ತೇ ಮಾಡಿದ್ನಲ್ಲ, ಊಟಕ್ಕೆ ಕೂತು.”

ಮರುವಾರ ಬಂದು ಆ ಚುನಾವಣೆಯನ್ನು ಅವರೇ ಕಂಪ್ಯೂಟರಿಗೆ ತುಂಬಿದರು. ಒಂದೊಂದೇ ಬೆರಳಿನಲ್ಲಿ ಒತ್ತುತ್ತ ಸಂಜೆಯವರೆಗೂ ಕೂತಿದ್ದರು. ನಾನು ತಾಳೆ ನೋಡಿದೆ, ತಪ್ಪಿರಲಿಲ್ಲ. ಕೂಡಿಸಿದ ಎರಡು ಮತಗಟ್ಟೆಗಳಿಗೆ ಎಲ್ಲರಿಗೂ ಬರೆಯುವ ಟಿಪ್ಪಣಿಯನ್ನೇ ಬರೆದಿದ್ದರು: ಒಟ್ಟಿಗೆ ಎಣಿಸಲಾಗಿದೆ.

ಅದಾದ ಮೇಲೆ ಅವರು ಬರುವುದು ಕಡಿಮೆಯಾಯಿತು. ಚಳಿಗಾಲದಲ್ಲಿ ನ್ಯುಮೋನಿಯಾ ಆಗಿ ಬಾಕ್ಸ್ ಹಿಲ್‌ನಲ್ಲಿ ಆಸ್ಪತ್ರೆಗೆ ಸೇರಿದರು. ನೋಡಲು ಹೋದಾಗ ನಿದ್ದೆಯಲ್ಲಿದ್ದರು. ಮಗಳು ಹೊರಗಿನ ಕುರ್ಚಿಯಲ್ಲಿ ಕೂತಿದ್ದಳು. ನನಗಿಂತ ಹತ್ತು ವರ್ಷ ದೊಡ್ಡವಳು, ಸಿಡ್ನಿಯಲ್ಲೇ ಹುಟ್ಟಿ ಬೆಳೆದವಳು. ಅಪ್ಪ ಕನ್ನಡದಲ್ಲಿ ಕೇಳಿದ್ದಕ್ಕೆ ಅವಳು ಇಂಗ್ಲಿಷಿನಲ್ಲಿ ಉತ್ತರಿಸುವುದನ್ನು ಫೋನಿನಲ್ಲಿ ಎಷ್ಟೋ ಸಲ ಕೇಳಿದ್ದೆ. ಆವತ್ತು ನನ್ನೊಂದಿಗೆ ತಡವರಿಸುತ್ತ ಕನ್ನಡದಲ್ಲೇ ಮಾತಾಡಿದಳು.

“ಸಿಡ್ನಿ ಏರ್‌ಪೋರ್ಟಿಂದ ಅಪ್ಪ ಫೋನ್ ಮಾಡಿದ್ರು. ಅಳ್ತಿದ್ರು. ಅಮ್ಮ ಕಾಯ್ತಿದ್ಲಂತೆ ಅಂತ.”

ನಾನು ಪಕ್ಕದ ಕುರ್ಚಿಯಲ್ಲಿ ಕೂತೆ.

“ಆ ದಿನ ಬೆಳಿಗ್ಗೆ ರೈಸ್ ಪ್ಯಾಕ್ ಮಾಡೋವಾಗ ನಾನು ಅಮ್ಮನ ಜೊತೆ ಇದ್ದೆ. ಅಪ್ಪ ಬರಲ್ಲ, ಅವರ ಮೇಲೆ ಕೋಪ ಮಾಡ್ಕೋಬೇಡ ಅಂತ ಅಮ್ಮನೇ ನನಗೆ ಹೇಳಿದ್ಲು. ಶಿ ನ್ಯೂ, ಅಮ್ಮಂಗೆ ಗೊತ್ತಿತ್ತು. ನಿನ್ನೆ ಅಪ್ಪಂಗೆ ಅದನ್ನ ಹೇಳ್ದೆ. ಸಮಾಧಾನ ಆಗುತ್ತೆ ಅಂದ್ಕೊಂಡೆ.”

“ಏನಂದ್ರು?”

“ಗೊತ್ತಿದ್ದೂ ತಿರುಗಿ ನೋಡ್ತಿದ್ಲಾ, ಅಂದ್ರು.”

ಅವಳು ಕೈಯಲ್ಲಿದ್ದ ಪೇಪರ್ ಕಪ್ಪನ್ನು ಹಿಂಡುತ್ತ ಕೂತಳು. ನಾನು ಅವಳ ಭುಜದ ಮೇಲೆ ಕೈಯಿಟ್ಟೆ. ಆ ವಾರದ ಕೊನೆಗೆ ಸರ್ ತೀರಿಕೊಂಡರು.

ವಸಂತದಲ್ಲಿ ಸಂಗ್ರಹಾಲಯ ಆ ದತ್ತಾಂಶವನ್ನೆಲ್ಲ ಸಂಶೋಧಕರಿಗೆ ಬಿಡುಗಡೆ ಮಾಡಿತು. ಮಗಳಿಗೆ ಹೇಳಿಕಳಿಸಿದೆ. ಒಂದು ದಿನ ಊಟದ ಬಿಡುವಿನಲ್ಲಿ ಬಂದಳು. ಆ ವಾರ್ಡಿನ ಹಾಳೆಯನ್ನು ತೆರೆಯ ಮೇಲೆ ತೆಗೆದುಕೊಟ್ಟು ನಾನು ಎದ್ದು ನಿಂತೆ. ಅವಳು ಅಮ್ಮನ ಹೆಸರಿನ ಕೆಳಗಿನ ಅಂಕಿಗಳನ್ನು ಒಂದೊಂದಾಗಿ ಬಾಯಲ್ಲೇ ಹೇಳಿಕೊಳ್ಳುತ್ತ ಕೆಳಗಿಳಿದಳು. ಕೂಡಿಸಿದ ಸಾಲಿನಲ್ಲಿ ಸ್ವಲ್ಪ ತಡೆದು, ಇದು ಏನೆಂದು ಕೇಳಿದಳು. ಹೇಳಿದೆ.

“ಬಿಡಿಸೋಕಾಗಲ್ವಾ?”

“ಆಗೋದಿಲ್ಲ,” ಅಂದೆ.

ಅವಳು ಕುರ್ಚಿಯನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡು ಆ ಸಾಲನ್ನೇ ನೋಡುತ್ತ ಕೂತಳು. ಬಿಡುವು ಮುಗಿದರೂ ಏಳಲಿಲ್ಲ. ನಾನೂ ಏಳಿಸಲಿಲ್ಲ.