ಅಣ್ಣನ ಮರೆವು, ತಂಗಿಯ ಮರೆವು

ಹಿರೇನಲ್ಲೂರಿನ ಕೋಮಲಾ ಮನೆಯ ಜಗುಲಿಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಊರಿನ ಹೆಂಗಸರ ರವಿಕೆ ಹೊಲಿಯುತ್ತಾಳೆ. ಯಂತ್ರದ ಒಂದು ಪಕ್ಕ ಅವಳ ಅವ್ವ ಓಬಮ್ಮ, ಇನ್ನೊಂದು ಪಕ್ಕ ಮಾವ ಬೀರಪ್ಪ. ಅವರಿಬ್ಬರೂ ಒಡಹುಟ್ಟಿದವರು, ಕೋಮಲಾಳನ್ನು ಸೋದರಮಾವನ ಮಗ ಕೆಂಪರಾಜುವಿಗೇ ಕೊಟ್ಟಿದ್ದರು. ಈಗ ಅಣ್ಣ ತಂಗಿ ಇಬ್ಬರಿಗೂ ಮರೆವು.

“ಇಬ್ರೂ ಮಾತಾಡ್ಕಂಡು ಮರ್ತವ್ರೆ ಕಣೇ” ಎಂದು ಅಳತೆ ಕೊಡಲು ಬಂದವರು ನಗುತ್ತಿದ್ದರು. ಕೋಮಲಾಳೂ ನಗುತ್ತಿದ್ದಳು. ನಗದೆ ಆ ಮನೆಯಲ್ಲಿ ದಿನ ಸಾಗುತ್ತಿರಲಿಲ್ಲ.

ಮೊದಲು ಮರೆತವಳು ಓಬಮ್ಮ. ಕೊಟ್ಟ ಊರಾದ ಶಿವನಿಯಲ್ಲಿ ಗಂಡ ತೀರಿಕೊಂಡ ಮೇಲೆ ಹಾಲನ್ನು ಒಲೆಯ ಮೇಲಿಟ್ಟು ಮರೆಯುವುದು, ಉಂಡು ಕೈ ತೊಳೆದು ಮತ್ತೆ ತಟ್ಟೆ ಹಿಡಿದು ಕೂರುವುದು ಶುರುವಾದಾಗ ಮಗಳು ಹೋಗಿ ಕರೆತಂದಳು. ಬಂದದ್ದು ತವರುಮನೆಗೇ ಆದ್ದರಿಂದ ಓಬಮ್ಮನಿಗೆ ಆಗಾಗ ತಾನಿನ್ನೂ ಲಂಗ ತೊಟ್ಟ ಹುಡುಗಿ ಅನ್ನಿಸಿಬಿಡುತ್ತಿತ್ತು. “ಅವ್ವ ಎಲ್ಲಿ?” ಎಂದು ಹುಡುಕುತ್ತಿದ್ದಳು. ಒಮ್ಮೆ ಕೋಮಲಾ ಬೇಸತ್ತು, “ಅಜ್ಜಿ ಸತ್ತು ಎಷ್ಟು ಕಾಲ ಆಯ್ತವ್ವ, ನೆನಪಿಲ್ವಾ?” ಅಂದಳು. ಓಬಮ್ಮ ಸುದ್ದಿಯನ್ನು ಆಗಷ್ಟೇ ಕೇಳಿದವಳಂತೆ ಎದೆ ಬಡಿದುಕೊಂಡು ಅತ್ತಳು. ಸಂಜೆಯ ಹೊತ್ತಿಗೆ ಅತ್ತದ್ದೂ ಮರೆತು, “ಅವ್ವ ಎಲ್ಲಿ?” ಎಂದು ಮತ್ತೆ ಕೇಳಿದಳು.

ಅಂದಿನಿಂದ ಕೋಮಲಾ ತನಗೆ ತಾನೇ ಒಂದು ಕಟ್ಟಳೆ ಹಾಕಿಕೊಂಡಳು. ನೆನಪಿದೆಯಾ ಎಂದು ಕೇಳಬಾರದು. ತಪ್ಪು ಹೇಳಿದರೆ ತಿದ್ದಬಾರದು. “ಕುರಿಹಟ್ಟಿಗೆ ಹೋಗವ್ಳೆ, ಬತ್ತಾಳೆ” ಅಂದರೆ ಅವ್ವನ ಮುಖ ಅರಳುತ್ತಿತ್ತು.

ಬೀರಪ್ಪನಿಗೆ ಮರೆವು ಬಂದದ್ದು ಬೇರೆ ದಾರಿಯಲ್ಲಿ. ಒಂದು ಬೆಳಿಗ್ಗೆ ಬಲಗೈ ಸೋತಿತು, ಬಾಯಿ ತುಸು ವಾರೆಯಾಯಿತು. ಕೈ ಸರಿಹೋಯಿತು, ಬಾಯಿಯೂ ಸರಿಹೋಯಿತು. ಮಾತು ಮಾತ್ರ ನಿಧಾನವಾಯಿತು. ಕೇಳಿದ್ದಕ್ಕೆ ಅವನ ಉತ್ತರ ಬರುವುದರೊಳಗೆ ಕೇಳಿದವರು ಎದ್ದು ಹೋಗಿರುತ್ತಿದ್ದರು. ಕೋಮಲಾ ಅವನಿಗೂ ಅದೇ ಕಟ್ಟಳೆ ಹಚ್ಚಿದಳು. ಅವನನ್ನು ಏನೂ ಕೇಳಲಿಲ್ಲ. ಬಂದ ನೆಂಟರಿಗೆ ಅವನ ಪರವಾಗಿ ತಾನೇ ಉತ್ತರ ಹೇಳಿದಳು. ಅವನು ಬರಬರುತ್ತ ಮೌನಿಯಾದ. ಕಾಯಿಲೆ ಏರುತ್ತಿದೆ ಎಂದು ಅವಳು ಮರುಗಿದಳು.

ಕಡೂರಿನಲ್ಲಿ ಡಾಕ್ಟರು ಇಬ್ಬರಿಗೂ ಮೂರು ಪದ ಹೇಳಿಕೊಟ್ಟರು: ಬಾಳೆಹಣ್ಣು, ಬೀಗ, ಕೊಡೆ. ಸ್ವಲ್ಪ ಹೊತ್ತು ಬೇರೆ ಮಾತಾಡಿ, ಏನು ಹೇಳಿದ್ದೆ ಎಂದು ಕೇಳಿದರು.

“ನೀವೇನು ಹೇಳಿದ್ರಿ? ಈಗ ತಾನೆ ಬಂದ್ರಲ್ಲಪ್ಪ” ಅಂದಳು ಓಬಮ್ಮ. ಒಂದು ಹಣ್ಣು ಎಂದು ಸುಳಿವು ಕೊಟ್ಟರೆ, “ಮಾವಿನಣ್ಣು. ತಂದಿದ್ದೀರಾ?” ಎಂದು ಕೈ ಚಾಚಿದಳು. ಬೀರಪ್ಪ ಬಹಳ ಹೊತ್ತು ಸುಮ್ಮನಿದ್ದ. ಹಣ್ಣು ಅಂದಾಗ ಬಾಳೆಹಣ್ಣು ಅಂದ. ಮಳೆಗೆ ಹಿಡಿಯೋದು ಅಂದಾಗ ಕೊಡೆ ಅಂದ.

“ಇಬ್ಬರದೂ ಮರೆವೇ, ಆದರೆ ಒಂದೇ ಥರದ್ದಲ್ಲ” ಎಂದರು ಡಾಕ್ಟರು. “ನಿಮ್ಮ ತಾಯಿಯದು ಆಲ್ಜೈಮರ್ಸ್. ಹಳೆಯದು ಇನ್ನೂ ಉಳಿದಿದೆ, ಹೊಸದು ಒಳಗೆ ಇಳಿಯುತ್ತಲೇ ಇಲ್ಲ. ಇವರದು ಮಿದುಳಿನ ರಕ್ತನಾಳ ಕಟ್ಟಿ ಬಂದದ್ದು. ನೆನಪು ಒಳಗಿದೆ, ಹುಡುಕಿ ತೆಗೆಯೋದು ಕಷ್ಟ. ಸುಳಿವು ಕೊಟ್ಟು ಕಾಯಬೇಕು.”

ಕೋಮಲಾ ತಲೆಯಾಡಿಸಿದಳು. ಮನೆಗೆ ಬಂದಾಗ ಒಲೆ, ಕತ್ತರಿ, ಹಬ್ಬಕ್ಕೆ ಕೊಡಬೇಕಾದ ರವಿಕೆಗಳು. ಹಳೆಯ ಕಟ್ಟಳೆಯೇ ಮುಂದುವರಿಯಿತು.

ಹಿರಿಯರ ಹಬ್ಬ ಬಂತು. ಆ ಮನೆಯಲ್ಲಿ ತೀರಿಹೋದ ಒಬ್ಬೊಬ್ಬರಿಗೂ ಒಂದೊಂದು ಎಲೆ ಹಾಕಿ, ಅವರವರಿಗೆ ಇಷ್ಟವಾದದ್ದನ್ನು ಬಡಿಸಿ, ಮನೆಗೆ ಹಿರಿಯನಾದವನು ಹೆಸರು ಹಿಡಿದು ಉಣ್ಣಲು ಕರೆಯಬೇಕು. ಅಪ್ಪ ಸತ್ತಂದಿನಿಂದ ಕರೆಯುತ್ತಿದ್ದವನು ಬೀರಪ್ಪ.

“ಈ ಸಲ ನಾನೇ ಕರೀತೀನಿ” ಎಂದ ಕೆಂಪರಾಜು. “ನೆಂಟರ ಮುಂದೆ ಅಪ್ಪ ತಡವರ್ಸೋದು ಬ್ಯಾಡ.”

ಕೋಮಲಾ ಹೂಂ ಅಂದಳು. ಬೀರಪ್ಪ ಎದ್ದು ಬಂದು ಅಡುಗೆಮನೆಯ ಹೊಸ್ತಿಲ ಬಳಿ ಕೂತ.

ಅವಳು ಕೆಂಡದ ಮೇಲೆ ಒಣಮೀನು ಸುಡುತ್ತಿದ್ದಳು. ಕೆಲಸದ ಗಡಿಬಿಡಿಯಲ್ಲಿ, “ಈ ಮೀನು ಯಾರಿಗೆ ಮಾವ?” ಎಂದು ಬಾಯಿ ಜಾರಿತು. ಕೇಳಬಾರದಿತ್ತು ಎಂದು ನಾಲಿಗೆ ಕಚ್ಚಿಕೊಂಡಳು. ಮೀನು ಮಗುಚಿದಳು, ತೆಗೆದಿಟ್ಟಳು, ಈರುಳ್ಳಿ ಸುಲಿಯತೊಡಗಿದಳು.

“ಸಿದ್ದಪ್ಪ ದೊಡ್ಡಪ್ಪಂಗೆ” ಎಂಬ ದನಿ ಬಂತು. “ಬೀಡಿ ಕಟ್ಟೂ ಮಡಗ್ಬೇಕು. ಇಲ್ದಿದ್ರೆ ಎಲೆ ಮುಟ್ಟಲ್ಲ ಅವ್ನು.”

ಕೋಮಲಾಳ ಕೈ ನಿಂತಿತು. “ಬೋಟಿ ಗೊಜ್ಜು?” ಎಂದು ಮೆಲ್ಲಗೆ ಕೇಳಿ ಈ ಸಲ ಕಾದಳು.

“ಅಪ್ಪಂಗೆ. ತಿಮ್ಮರಾಯಪ್ಪಂಗೆ.”

“ಕಡ್ಡಿಪುಡಿ, ಎಲೆ ಅಡಿಕೆ?”

“ನಿಮ್ಮತ್ತೆ ಶಂಕ್ರಿಗೆ.” ಬೀರಪ್ಪ ಸೊಸೆಯ ಮುಖ ನೋಡಿದ. “ನನ್ನ ಯಾರೂ ಏನೂ ಕೇಳ್ತಾನೆ ಇರ್ಲಿಲ್ಲ ಕಣವ್ವ. ನಾನೂ ಸತ್ತೋಗಿದ್ದೀನೇನೋ ಅನ್ಕಂಡಿದ್ದೆ. ಎಲೇನಾದ್ರೂ ಹಾಕ್ತೀಯಾ ಅಂತ ಬಂದು ಕೂತೆ.”

ಅವಳಿಗೆ ನಗುವೂ ಬಂತು, ಕಣ್ಣೂ ತುಂಬಿತು. ಅವ್ವನನ್ನು ಸಂತೈಸಿದ ಕಟ್ಟಳೆಯೇ ಮಾವನ ಬಾಯಿ ಕಟ್ಟಿಹಾಕಿತ್ತು. ಸೆರಗಲ್ಲಿ ಮುಖ ಒರೆಸಿಕೊಂಡು ಹೋಗಿ ಗಂಡನಿಗೆ ಹೇಳಿದಳು: “ಮಾವನೇ ಕರೀಲಿ. ನಿಧಾನ ಆದ್ರೆ ಆಗ್ಲಿ. ಉಣ್ಣೋರಿಗೇನು ಬಸ್ಸು ತಪ್ಪೋಗುತ್ತಾ?”

ಎಲೆ ಹಾಕಿದರು, ಲೋಬಾನದ ಹೊಗೆ ಎದ್ದಿತು. ಬೀರಪ್ಪ ಒಂದೊಂದು ಎಲೆಯನ್ನೂ ದಿಟ್ಟಿಸಿ ನೋಡಿದ. ನೆಂಟರು ಕೆಮ್ಮಿದರು, ಕೋಮಲಾ ಕಾದಳು. “ತೀರ್ಕೊಂಡು ಸ್ವರ್ಗ ಸೇರ್ದ ಸಿದ್ದಪ್ಪ, ಬಂದು ಉಣ್ಣಪ್ಪ.” “ತೀರ್ಕೊಂಡು ಸ್ವರ್ಗ ಸೇರ್ದ ತಿಮ್ಮರಾಯಪ್ಪ, ಬಂದು ಉಣ್ಣಪ್ಪ.” ಹೆಂಡತಿಯನ್ನೂ ಕರೆದ.

ಒತ್ತುಶಾವಿಗೆ, ಕಾಯಿಹಾಲಿನ ಎಲೆಯ ಮುಂದೆ ನಿಂತವನು ನಿಂತೇಬಿಟ್ಟ. ಅದು ಅವನ ತಾಯಿ ಉಚ್ಚಂಗಮ್ಮನ ಎಲೆ.

“ಮರ್ತೋಯ್ತು ಅನ್ಸುತ್ತೆ” ಎಂದು ಕೆಂಪರಾಜು ಪಿಸುಗುಟ್ಟಿದ. ಕೋಮಲಾ ಬಗ್ಗಿ, “ಮಾವ, ಶಾವಿಗೆ ಅಂದ್ರೆ ಪ್ರಾಣ ಬಿಡ್ತಿದ್ರಲ್ಲ...” ಎಂದು ಸುಳಿವು ಕೊಟ್ಟಳು.

“ಗೊತ್ತೈತೆ” ಎಂದ ಬೀರಪ್ಪ, ತಗ್ಗಿದ ದನಿಯಲ್ಲಿ. ಅವನ ಕಣ್ಣು ಗೋಡೆಗೊರಗಿ ಕೂತಿದ್ದ ತಂಗಿಯ ಮೇಲಿತ್ತು. “ಓಬಿ ಕೂತವ್ಳೆ.”

ಆಮೇಲೆ, “ತೀರ್ಕೊಂಡು” ಎಂಬ ಮಾತನ್ನೇ ಎತ್ತದೆ, ಬಾಗಿಲ ಕಡೆ ತಿರುಗಿ ಕರೆದ: “ಅವ್ವಾ, ಉಣ್ಣಕೆ ಬಾರವ್ವ. ಶಾವಿಗೆ ಆರೋಗ್ತೈತೆ. ಓಬಿ ಕಾಯ್ತಾವ್ಳೆ.”

ಓಬಮ್ಮ ಥಟ್ಟನೆ ನೆಟ್ಟಗೆ ಕೂತಳು. “ಬೇಗ ಬಾರವ್ವೋ” ಎಂದು ತಾನೂ ದನಿಗೂಡಿಸಿದಳು.

ಹಿರಿಯರು ಬಂದು ಉಣ್ಣಲೆಂದು ಬಾಗಿಲು ಎಳೆದುಕೊಂಡು ಎಲ್ಲರೂ ಜಗುಲಿಗೆ ಬಂದರು. ಅಣ್ಣ ತಂಗಿ ಹೊಲಿಗೆ ಯಂತ್ರದ ಪಕ್ಕ ಒತ್ತಿಕೊಂಡು ಕೂತರು.

“ಅಣ್ಣ, ಅವ್ವ ಒಳಗವ್ಳಾ?”

“ಅವ್ಳೆ. ಉಣ್ತಾವ್ಳೆ.”

“ನಂಗೂ ಒಂದೀಟು ಉಳಿಸ್ತಾಳಾ?”

ಬೀರಪ್ಪ ಯೋಚಿಸಿದ. ಯಾರೂ ಅವನ ಪರವಾಗಿ ಉತ್ತರ ಹೇಳಲಿಲ್ಲ.

“ಉಳಿಸ್ತಾಳೆ ಕಣೇ” ಎಂದ.