ಯಮನೂರನ ಬಲಭುಜ

ಯಲಬುರ್ಗಾ ತಾಲೂಕಿನ ನಮ್ಮ ಊರಲ್ಲಿ ಇಪ್ಪತ್ತೆಂಟು ವರ್ಷ ಮೊಹರಂ ಹೆಜ್ಜೆ ಕುಣಿತ ಕಲಿಸಿದವನು ಯಮನೂರ. ಸುಗ್ಗಿಯಲ್ಲಿ ಕಾರಟಗಿಯ ಅಕ್ಕಿ ಗಿರಣಿಯಲ್ಲಿ ಹಮಾಲಿ, ಉಳಿದ ದಿನ ಊರಲ್ಲಿ ಸಿಕ್ಕ ಕೂಲಿ. ಸತ್ತವನೆಂದು ಅವನನ್ನು ಸುಮ್ಮನೆ ಹೊಗಳಲಾರೆ. ಸಿಟ್ಟಿನ ಮನುಷ್ಯ, ಹೆಜ್ಜೆ ತಪ್ಪಿದವರನ್ನು ನಾಲ್ಕು ಜನರೆದುರು ಹೀಯಾಳಿಸುತ್ತಿದ್ದ. ಆದರೆ ಹದಿನಾರು ಗಂಡಸರು ಒಂದೇ ಮೈಯಂತೆ ತಿರುಗುವುದನ್ನು ನಾನು ಬೇರೆ ಊರಲ್ಲಿ ಕಂಡಿಲ್ಲ.

ಅವನು ಹೆಜ್ಜೆ ಎಣಿಸಿ ಕಲಿಸುತ್ತಿರಲಿಲ್ಲ. ಸಾಲಿನ ಮುಂದೆ ತಾನೇ ನಿಂತು, ತಿರುವು ಬರುವ ಮುನ್ನ ಬಲಭುಜವನ್ನು ತುಸು ತಗ್ಗಿಸುತ್ತಿದ್ದ. ಅದೇ ಸನ್ನೆ.

“ಕಾಲಾಗೇನು ನೋಡ್ತಿಯೋ ಅಸ್ಲಮಾ, ಏನರ ಕಳಕೊಂಡೀಯೇನು? ನನ್ನ ಭುಜಾ ನೋಡು,” ಎಂದು ಎರಡನೆಯ ಜಾಗದಲ್ಲಿ ನಿಲ್ಲುವ ಅಸ್ಲಮನನ್ನು ಗದರುತ್ತಿದ್ದ.

ಹೊಸ ತಿರುವುಗಳನ್ನು ಮೊದಲು ಮನೆಯ ಅಂಗಳದಲ್ಲಿ ಹೆಂಡತಿ ಹುಲಗಮ್ಮನನ್ನು ಹಿಂದೆ ನಿಲ್ಲಿಸಿಕೊಂಡು ಕುಣಿದು ನೋಡುತ್ತಿದ್ದ. ಹೆಂಗಸರು ಕುಣಿಯುವ ರೂಢಿಯಿಲ್ಲವಾದ್ದರಿಂದ ಅದು ಯಾರ ಲೆಕ್ಕದಲ್ಲೂ ಇರಲಿಲ್ಲ.

ಹೋದ ಮಾಘದಲ್ಲಿ ಗಿರಣಿಯಲ್ಲೇ ಎದೆನೋವು ಬಂದು, ಗಂಗಾವತಿಯ ಆಸ್ಪತ್ರೆ ಮುಟ್ಟುವ ಮೊದಲೇ ತೀರಿಹೋದ. ಈ ಮೊಹರಂನ ಕುಣಿತ ಅವನ ನೆನಪಿಗೆ ಎಂದು ಮೇಳದವರು ನಿರ್ಧರಿಸಿದರು. ಹುಲಗಮ್ಮ ಒಂದೇ ಮಾತು ಕೇಳಿದಳು.

“ಅವ ನಿಲ್ಲೋ ಜಾಗಾ ಖಾಲಿ ಬಿಡ್ರಿ. ಅಲ್ಲಿ ಯಾರೂ ನಿಲ್ಲಬ್ಯಾಡ್ರಿ.”

“ಆತವಾ. ಅವನ ಜಾಗಾ ಅವಂಗ,” ಎಂದ ಹಲಗೆ ಬಾರಿಸುವ ಹಿರಿಯ ಮುದಿಯಪ್ಪ.

ಬಿತ್ತನೆಯ ಗಡಿಬಿಡಿಯಲ್ಲಿ ತಾಲೀಮು ನಡೆಯಲಿಲ್ಲ. ಇಷ್ಟು ವರ್ಷದ ಹೆಜ್ಜೆ, ಮರೆಯುವುದೆಲ್ಲಿ ಎಂದುಕೊಂಡರು.

ಮಧ್ಯಾಹ್ನ ಮಸೂತಿಯ ಮುಂದೆ ಹದಿನೈದು ಜನ ನಿಂತರು. ಮೊದಲ ಸುತ್ತು ಸರಿಹೋಯಿತು. ಮುಂದೆ ತಿರುವು ಬಂದಾಗ ಎಲ್ಲರ ಕಣ್ಣೂ ಖಾಲಿ ಜಾಗಕ್ಕೆ ಹೋದವು. ಅರ್ಧ ಸಾಲು ಎಡಕ್ಕೆ ತಿರುಗಿತು, ಅರ್ಧ ನೆಟ್ಟಗೆ ನಡೆಯಿತು. ಎರಡನೆಯ ಸಲವೂ ಅಲ್ಲಿಯೇ ಮುರಿಯಿತು.

“ಮಾಸ್ತರನ ಕೂಡ ಹೆಜ್ಜಿನೂ ಮಣ್ಣಾದ್ವು ಬಿಡು,” ಎಂದು ಜನರ ನಡುವೆ ಯಾರೋ ನಕ್ಕರು.

ಮುದಿಯಪ್ಪ ಹಲಗೆ ಕೆಳಗಿಟ್ಟ. “ಇಲ್ಲಿಗೆ ಸಾಕ್ ಮಾಡೂಣ್ರಪಾ.”

ಹೆಂಗಸರ ಗುಂಪಿನಿಂದ ಹುಲಗಮ್ಮ ಎದ್ದು ಬಂದಳು.

“ಅಸ್ಲಮಾ, ನೀ ಮುಂದ ನಿಲ್ಲು.”

“ಬ್ಯಾಡ ಕಾಕಿ. ಖಾಲಿ ಬಿಡ್ತೀವಂತ ನಿನಗ ಮಾತು ಕೊಟ್ಟೀವಿ.”

“ಕೇಳಿದಾಕಿನೂ ನಾನ, ಬ್ಯಾಡ ಅನ್ನಾಕಿನೂ ನಾನ. ನಿಲ್ಲು.”

ಅವನು ನಿಂತ. ಅವಳು ಅವನ ಬಲಭುಜದ ಮೇಲೆ ಅಂಗೈ ಇಟ್ಟು ಒತ್ತಿದಳು. “ಹಲಗಿ ಎರಡು ಸಲ ದಪ್ಪ ಬಿದ್ದಕೂಡ್ಲೆ ಇಷ್ಟು ತಗ್ಗಸು. ಜಾಸ್ತಿ ಬ್ಯಾಡ, ಅಂವಗ ಸೇರ್ತಿದ್ದಿಲ್ಲ.” ಪ್ರತಿ ತಿರುವನ್ನೂ ಹೀಗೆ ಹೇಳಿಕೊಟ್ಟು, ಬಂದು ನನ್ನ ಪಕ್ಕ ಕೂತಳು.

ಸಾಲು ಮುಂದೆ ಸರಿದು ಖಾಲಿ ಜಾಗ ಮುಚ್ಚಿಕೊಂಡಿತು. ಹಲಗೆ ಬಿತ್ತು. ಮುರಿದಿದ್ದ ತಿರುವು ದಾಟಿತು, ಅದರ ಮುಂದಿನದೂ ದಾಟಿತು. ಎಲ್ಲಿಯೂ ತಡವರಿಕೆಯಿಲ್ಲ.

ಕುಷ್ಟಗಿಯಿಂದ ಆಗಷ್ಟೇ ಬಂದು ಕೂತ ನಮ್ಮ ಬೀಗರು, ಪಕ್ಕದಲ್ಲಿದ್ದವಳು ಯಾರೆಂದು ತಿಳಿಯದೆ, “ಮಾಸ್ತರ ತೀರ್ಕೊಂಡಾರ ಅಂದ್ರಿ, ಏನೂ ಕಡಿಮಿ ಕಾಣವಲ್ದಲ್ರಿ?” ಎಂದು ನನ್ನನ್ನು ಕೇಳಿದರು.

ಉತ್ತರ ಕೊಟ್ಟವಳು ಹುಲಗಮ್ಮ.

“ಹೌದ್ರಿ, ಕಾಣವಲ್ದು.”

ಆಮೇಲೆ ಸೆರಗನ್ನು ಮುಖಕ್ಕೆ ಒತ್ತಿಕೊಂಡಳು. ಕುಣಿತ ಮುಗಿಯುವವರೆಗೆ ತೆಗೆಯಲಿಲ್ಲ.