ಅವಳನ್ನು ಕೇಳದೆ ಬರೆದ ಉತ್ತರ

ಲ್ಯಾಬಿನ ವರದಿ ಸೋಮವಾರ ಹನ್ನೊಂದು ಗಂಟೆಗೆ ಬಂತು. ಕೊಡಿಯಾಲ್‌ಬೈಲ್‌ನ ಆಫೀಸಿನಲ್ಲಿ ನಾನು ಮತ್ತು ಮೇಡಂ ಇಬ್ಬರೇ ಇದ್ದೆವು. ಮಲ್ಲಿಗೆ ಗಿಡಕ್ಕೆ ಬಿಡುವ ಮದ್ದು, ಅಂದರೆ ಕೀಟನಾಶಕ, ಬೆಳೆಯುವವರ ಮೈಗೆ ಎಷ್ಟು ಸೇರುತ್ತದೆ ಎಂದು ನೋಡುವ ಅಧ್ಯಯನ ಅವರದು. ಮನೆಮನೆಗೆ ಹೋಗಿ ಪ್ರಶ್ನೆ ಕೇಳಿ ರಕ್ತ ತರುವುದು ನನ್ನ ಕೆಲಸ. ಮದ್ದು ಬಿಡುವವರದು ಒಂದು ಗುಂಪು, ಅದೇ ಊರಲ್ಲಿದ್ದೂ ಮದ್ದು ಮುಟ್ಟದವರದು ಇನ್ನೊಂದು. ವಿಷ ಮೈ ಸೇರಿದರೆ ರಕ್ತದಲ್ಲಿ ಒಂದು ಕಿಣ್ವ ಕಡಿಮೆಯಾಗುತ್ತದೆ. ನಲವತ್ತೊಂದನೇ ನಂಬರಿನ ರಕ್ತದಲ್ಲಿ ಅದು ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆಯಿತ್ತು. ಆ ನಂಬರು ಮದ್ದು ಮುಟ್ಟದವರ ಗುಂಪಿನದು.

"ಇದು ಸ್ಯಾಂಪಲ್ ಹಾಳಾದದ್ದು," ಎಂದರು ಮೇಡಂ. "ಮುಂದಿನ ವಾರ ಆ ಕಡೆ ಹೋದಾಗ ಇನ್ನೊಮ್ಮೆ ತೆಗೆದುಕೊಂಡು ಬಾ ಮಾರಾಯ್ತಿ."

ನಾನು ವರದಿಯ ಹಾಳೆಯನ್ನು ಮತ್ತೊಮ್ಮೆ ನೋಡಿದೆ. ಶುಕ್ರವಾರ ಆ ರಕ್ತ ತರುವಾಗ ನೇತ್ರಾವತಿ ಸೇತುವೆಯ ಮೇಲೆ ಲಾರಿಯೊಂದು ಕೆಟ್ಟು ನಿಂತು ದಾರಿ ಬಂದ್ ಆಗಿತ್ತು. ಆಫೀಸು ಮುಟ್ಟುವಷ್ಟರಲ್ಲಿ ಪೆಟ್ಟಿಗೆಯ ಐಸೆಲ್ಲ ನೀರು. ಬೈಯಿಸಿಕೊಳ್ಳುವ ಹೆದರಿಕೆಯಿಂದ ಪುಸ್ತಕದಲ್ಲಿ ಅದನ್ನು ಬರೆದಿರಲಿಲ್ಲ. ಈಗ ಮೇಡಮ್ಮೇ ಹಾಳಾಗಿದೆ ಎನ್ನುತ್ತಿದ್ದಾರೆ, ಹೂಂ ಅಂದುಬಿಟ್ಟರೆ ಆಯಿತು. ಆದರೆ ಅದೇ ಪೆಟ್ಟಿಗೆಯಲ್ಲಿದ್ದ ಉಳಿದ ಆರು ಸೀಸೆಗಳ ಲೆಕ್ಕ ಸರಿಯಿತ್ತು. ಕೆಡುವುದಾದರೆ ಎಲ್ಲವೂ ಕೆಡಬೇಕಲ್ಲ?

ಆಗ ಆ ನಲವತ್ತೊಂದನೇ ನಂಬರಿನ ಹೆಂಗಸಿನ ಮುಖ ಕಣ್ಣಮುಂದೆ ಬಂತು. ಉಳ್ಳಾಲ ದಾಟಿ ಒಳಗೆ ಹೋದರೆ ಅವಳ ಮನೆ. ಮೂವತ್ತರ ಒಳಗಿನ ಪ್ರಾಯ, ಗಂಡ ಗಲ್ಫಿನಲ್ಲಿ. ಸೂಜಿ ಚುಚ್ಚುವಾಗ ಅವಳ ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಬಾಯಿಯ ಜೊಲ್ಲನ್ನು ಮತ್ತೆ ಮತ್ತೆ ಒರೆಸಿಕೊಳ್ಳುತ್ತಿದ್ದಳು. ಸೂಜಿಯ ಹೆದರಿಕೆ ಎಂದುಕೊಂಡಿದ್ದೆ; ಮದ್ದಿನ ವಿಷ ಏರಿದರೂ ಹಾಗೆಯೇ ಆಗುತ್ತದೆ ಎಂದು ಈಗ ಹೊಳೆಯಿತು. ನನ್ನ ಪ್ರಶ್ನೆಗಳಿಗೆಲ್ಲ ಉತ್ತರ ಕೊಟ್ಟದ್ದು ಪಕ್ಕದಲ್ಲಿ ಕೂತಿದ್ದ ಅತ್ತೆ. "ಮದ್ದಾ? ಇವಳು ಮುಟ್ಟುವುದೇ ಇಲ್ಲ. ಹೂ ಕಟ್ಟುವುದು ಮಾತ್ರ." ಅವಳು ತಲೆ ತಗ್ಗಿಸಿದ್ದಳು. ನಾನು 'ಇಲ್ಲ' ಎಂಬಲ್ಲಿ ಗುರುತು ಹಾಕಿ ಮುಂದಿನ ಪ್ರಶ್ನೆಗೆ ಹೋಗಿದ್ದೆ.

ಐಸಿನ ವಿಷಯ, ಗುರುತಿನ ವಿಷಯ ಎರಡನ್ನೂ ಮೇಡಮ್ಮಿಗೆ ಹೇಳಿದೆ. ಅವರು, "ಫೋನ್ ಮಾಡು, ಈಗಲೇ," ಎಂದರು.

ಫೋನ್ ತೆಗೆದದ್ದು ಅತ್ತೆ. "ಅವಳು ಮಲಗಿದ್ದಾಳೆ. ಬೆಳಿಗ್ಗೆಯಿಂದ ವಾಂತಿ. ಪಿತ್ತ ಕೆದರಿದ್ದು, ಎಂತದ್ದೂ ಇಲ್ಲ."

"ಸ್ಕೂಟರ್ ಬೇಡ, ರಿಕ್ಷಾದಲ್ಲಿ ಹೋಗು," ಎಂದರು ಮೇಡಂ. "ಅವಳನ್ನು ಕರೆದುಕೊಂಡೇ ಬಾ. ಆಸ್ಪತ್ರೆಯಲ್ಲಿ ನಾನು ಹೇಳಿಡ್ತೇನೆ."

ಹೋಗಿ ನೋಡಿದರೆ ಅವಳು ಹಿಂದಿನ ಜಗಲಿಯಲ್ಲಿ ಗೋಡೆಗೆ ಒರಗಿ ಕೂತಿದ್ದಳು. ಮೈಯೆಲ್ಲ ಬೆವರು, ಕೆನ್ನೆಯ ಸ್ನಾಯು ತಾನಾಗಿ ಅದುರುತ್ತಿತ್ತು. ಕಣ್ಣಿನ ಪಾಪೆ ಸಾಸಿವೆ ಕಾಳಿನಷ್ಟಾಗಿತ್ತು. ಹಾಕಿದ್ದ ನೈಟಿಯ ಬೆನ್ನಿನಿಂದ ಮೂಗು ಕಟ್ಟುವ ಘಾಟು. ಅಂಗಳದಲ್ಲಿ ಬೆನ್ನಿಗೇರಿಸಿ ಮದ್ದು ಬಿಡುವ ಪಂಪು ಬಿದ್ದಿತ್ತು, ಅದರ ತಳದಿಂದ ಹನಿ ಸೋರುತ್ತಿತ್ತು.

"ಅಮ್ಮ, ಬೆಳಿಗ್ಗೆ ಮದ್ದು ಬಿಟ್ಟದ್ದು ಇವರೇ ಅಲ್ಲವಾ?"

"ಇಲ್ಲ ಅಂತ ಹೇಳಿದೆನಲ್ಲ!" ಅತ್ತೆಯ ದನಿ ಏರಿತು. "ಹೂವಲ್ಲಿ ವಿಷ ಉಂಟು ಅಂತ ನೀವು ಬರೆದ್ರೆ ನಮ್ಮ ಊರಿನ ಮಲ್ಲಿಗೆ ಮತ್ತೆ ಯಾರು ಮುಡೀತಾರೆ? ಈ ಊರಲ್ಲಿ ನಾವು ಮುಖ ಎತ್ತಿ ನಡೆಯುವುದು ಬೇಡವಾ?"

ವಾದ ಮಾಡಲು ಸಮಯವಿರಲಿಲ್ಲ. ಚೀಲದಿಂದ ಗ್ಲೌಸ್ ತೆಗೆದು ಹಾಕಿಕೊಂಡೆ. ಅವಳ ನೈಟಿ ಬಿಚ್ಚಿ, ಬೆನ್ನಿಗೂ ಕೈಗೂ ಸೋಪು ಹಚ್ಚಿ ನೀರು ಸುರಿದೆ. ಅಷ್ಟರಲ್ಲಿ ಅತ್ತೆ ತಾವೇ ಒಣ ಬಟ್ಟೆ ತಂದು ಸುತ್ತಿದರು. ರಿಕ್ಷಾ ಹೊರಡುವಾಗ ಓಡಿಬಂದು, ಪ್ಲಾಸ್ಟಿಕ್ ತೊಟ್ಟೆಯಲ್ಲಿ ಸುತ್ತಿದ ಬಾಟಲಿಯೊಂದನ್ನು ನನ್ನ ಕೈಗೆ ತುರುಕಿ, "ಇದೇ ಮದ್ದು," ಎಂದು ಒಳಗೆ ಹತ್ತಿ ಕೂತರು.

ಸೇತುವೆಯ ಹತ್ತಿರ ಮತ್ತೆ ವಾಹನಗಳ ಸಾಲು. ಅವಳನ್ನು ಪಕ್ಕಕ್ಕೆ ವಾಲಿಸಿ ಹಿಡಿದುಕೊಂಡಿದ್ದೆ. ಉಸಿರು ಎಳೆದಾಗಲೆಲ್ಲ ಗಂಟಲಲ್ಲಿ ಗುಳುಗುಳು ಶಬ್ದ. "ಅಕ್ಕ, ಇವರು ಉಸಿರು ಬಿಡ್ತಿದ್ದಾರಾ?" ಎಂದು ಚಾಲಕ ಹಿಂದೆ ತಿರುಗದೆಯೇ ಕೇಳಿದ. "ಹೌದು ಮಾರಾಯ್ರೇ, ನೀವು ಹೋಗಿ," ಎಂದೆ. ಅವನು ಹಾರ್ನ್‌ನಿಂದ ಕೈ ತೆಗೆಯಲಿಲ್ಲ. ಬಲ್ಮಠದ ಸಿಗ್ನಲ್ಲಿನಲ್ಲಿ ಅವಳ ಉಸಿರು ಒಮ್ಮೆ ತಡೆದು ನಿಂತಿತು. ನಾನು ಭುಜ ಹಿಡಿದು ಅಲ್ಲಾಡಿಸಿದೆ. ಒಂದು, ಎರಡು, ಮೂರು ಎಣಿಸಿದ ಮೇಲೆ ಕೆಮ್ಮಿ ಉಸಿರೆಳೆದಳು. ಅತ್ತೆ ಅವಳ ಪಾದವನ್ನು ಉಜ್ಜುತ್ತ ತುಳುವಿನಲ್ಲಿ ದೈವಕ್ಕೆ ಹರಕೆ ಹೇಳಿಕೊಳ್ಳುತ್ತಿದ್ದರು.

ಆಸ್ಪತ್ರೆಯ ಬಾಗಿಲಲ್ಲಿ ಮೇಡಂ ಸ್ಟ್ರೆಚರ್ ಹಿಡಿದು ನಿಂತಿದ್ದರು. ಬಾಟಲಿ ನೋಡಿದ ಡಾಕ್ಟರು ಬೇರೇನೂ ಕೇಳದೆ ಇಂಜೆಕ್ಷನ್ ಶುರುಮಾಡಿದರು. ನಾಲ್ಕು ದಿನ ಅವಳ ಬಾಯಲ್ಲಿ ಉಸಿರಾಟದ ಕೊಳವೆಯಿತ್ತು. ಐದನೇ ದಿನ ಅದನ್ನು ತೆಗೆದರು. ಮರುದಿನ ನಾನು ಹೋದಾಗ ಅತ್ತೆ ಗಂಜಿ ತಿನ್ನಿಸುತ್ತಿದ್ದರು.

"ಶುಕ್ರವಾರವೇ ಯಾಕೆ ಹೇಳಲಿಲ್ಲ?" ಎಂದು ಅವಳನ್ನು ಕೇಳಿಬಿಟ್ಟೆ.

ಕೊಳವೆಯಿಂದಾಗಿ ಒಡೆದಿದ್ದ ದನಿಯಲ್ಲಿ ಅವಳು, "ನೀವು ನನ್ನನ್ನು ಕೇಳಲಿಲ್ಲ ಅಕ್ಕ," ಎಂದಳು.

ಅದರಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತೇನೋ.

ಮೇಡಂ ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ಐಸ್ ಕರಗಿದ್ದನ್ನು ಪುಸ್ತಕದಲ್ಲಿ ನನ್ನ ಕೈಯಿಂದಲೇ ಬರೆಸಿ ಸಹಿ ಹಾಕಿಸಿದರು. ಆಮೇಲೆ ಮದ್ದು ಮುಟ್ಟದವರ ಗುಂಪಿನ ಒಬ್ಬೊಬ್ಬ ಹೆಂಗಸನ್ನೂ ಮತ್ತೆ ಕಾಣಲು ಕಳಿಸಿದರು. ಮನೆಯವರ ಎದುರಲ್ಲಿ ಅಲ್ಲ, ಬಾವಿಕಟ್ಟೆಯ ಹತ್ತಿರ, ಗಿಡಗಳ ನಡುವೆ, ಒಬ್ಬರೇ ಸಿಕ್ಕಾಗ. ನಾನು 'ಇಲ್ಲ' ಎಂದು ಬರೆದುಕೊಂಡು ಬಂದಿದ್ದ ಎಷ್ಟೋ ಕಡೆ 'ಹೌದು' ಎಂದು ತಿದ್ದಬೇಕಾಯಿತು.

ಅವಳ ಮನೆಗೆ ಹೋದದ್ದು ಎರಡು ತಿಂಗಳ ನಂತರ. ಪಂಪು ಅಲ್ಲಿರಲಿಲ್ಲ, ಗಿಡಗಳಲ್ಲಿ ಅರ್ಧವನ್ನು ಕಡಿದಿದ್ದರು. ಬೆರಳು ಇನ್ನೂ ಜೋಮು ಹಿಡಿಯುತ್ತದೆ, ಹೂ ಕಟ್ಟಲು ಆಗುವುದಿಲ್ಲ ಎಂದಳು. ಅತ್ತೆ ಚಾ ಇಟ್ಟು ಒಳಗೆ ಹೋದರು. ನಾನು ಚೀಲ ಬಿಚ್ಚಿ ಸೂಜಿಯ ಡಬ್ಬಿಗೆ ಕೈ ಹಾಕಿದೆ.

"ಇನ್ನು ರಕ್ತ ಕೊಡುವುದಿಲ್ಲ ಅಕ್ಕ," ಎಂದಳು ಅವಳು. "ಕೇಳಲಿಕ್ಕೆ ಎಂತಾದ್ರೂ ಉಂಟಾದ್ರೆ ಕೇಳಿ. ಹೇಳ್ತೇನೆ."

ನಾನು ಡಬ್ಬಿ ಒಳಗಿಟ್ಟು, ಪೆನ್ನು ತೆಗೆದು, ಅವಳ ಎದುರಿಗೆ ಕೂತೆ.